ವಯಸ್ಸು ತರಲು ಹೋದವಳು

ಭಾನುವಾರ ಬೆಳಿಗ್ಗೆ ಸಿಂದಗಿಯ ಬಸ್ ಸ್ಟ್ಯಾಂಡಿನಲ್ಲಿ ಹೂವಿನ ಹಿಪ್ಪರಗಿಯ ಬಸ್ಸಿಗೆ ಕಾಯುತ್ತ ನಿಂತಿದ್ದ ಶೈಲಶ್ರೀಗೆ, ಗುರುವಾರದಿಂದ ಈಚೆಗೆ, ಜನ ಬರೀ ಜನರಾಗಿ ಕಾಣುವುದು ತಪ್ಪಿಹೋಗಿತ್ತು. ಎಲ್ಲರೂ ಒಂದು ನೂರಾ ತೊಂಬತ್ತರೊಳಗಿನವರಾಗಿ ಕಾಣುತ್ತಿದ್ದರು. ನೂರಾ ತೊಂಬತ್ತು ಮಂದಿಯನ್ನು ಒಟ್ಟು ಮಾಡಿ ನಿಲ್ಲಿಸಿದರೆ ಅದರಲ್ಲಿ ಒಬ್ಬ. ಯಾವ ಒಬ್ಬ? ಕಂಬಕ್ಕೆ ಒರಗಿ ಬಾಯಿ ತೆರೆದುಕೊಂಡು ಬೋರ್ಡು ಓದುತ್ತಿರುವವನೇ? ಇಂಡಿಯ ಬಸ್ಸು ಮೂಗಿನ ಮುಂದೆಯೇ ನಿಂತಿದ್ದರೂ ಇಂಡಿಯ ಬಸ್ಸು ಯಾವಾಗ ಎಂದು ಕಂಡಕಂಡವರನ್ನು ಕೇಳುತ್ತಿರುವ ಧೋತರದ ಹಿರಿಯನೇ? ಮೋಟರ್ ಸೈಕಲ್ಲಿನ ಕೀಲಿಯನ್ನು ಕಿವಿಯೊಳಗೆ ಹಾಕಿ ತಿರುವುತ್ತ, ಸ್ವರ್ಗ ಕಂಡವನ ಹಾಗೆ ಕಣ್ಣು ಮುಚ್ಚಿಕೊಂಡು ನಿಂತವನೇ? ಈ ಕೊನೆಯವನು ಅವಳ ಗಂಡ ಅನೀಲಕುಮಾರ. ಹಾಗೆ ಒಬ್ಬೊಬ್ಬರನ್ನೇ ಹಿಡಿದು ನೋಡಹೋದರೆ ಆ ಸ್ಟ್ಯಾಂಡಿನಲ್ಲಿ ನೆಟ್ಟಗಿದ್ದವರೇ ಕಡಿಮೆ ಎನಿಸಿ ಅವಳಿಗೆ ಒಂದು ಗಳಿಗೆ ಸಮಾಧಾನವಾಯಿತು. ಮರುಗಳಿಗೆ ತಾನು ಎಂಥ ಕೆಟ್ಟ ಹೆಂಗಸು ಎನಿಸಿತು. ಅಷ್ಟರಲ್ಲಿ ಬಸ್ಸು ಬಂತು, ಸೀಟೂ ಸಿಕ್ಕಿತು. ಅನೀಲಕುಮಾರ ಕಿವಿಯಿಂದ ಕೀಲಿ ತೆಗೆದು ಕಿಟಕಿಯ ಹತ್ತಿರ ಬಂದು, ಬದನೆಕಾಯಿ ತರಲು ಹೇಳುವವನ ದನಿಯಲ್ಲಿ ಹೇಳಿದ: “ಬರೂವಾಗ ಎಪ್ಪತ್ತೆರಡು ತಗೊಂಡ ಬಾ. ಎಪ್ಪತ್ಮೂರ ಸಿಕ್ರ ಇನ್ನೂ ಚೊಲೋ. ಹಿಂದಕ್ಕ ಮಾತ್ರ ಹೋಗಬ್ಯಾಡ.”

ಅವನು ತರಲು ಹೇಳಿದ್ದು ಅವಳು ಹುಟ್ಟಿದ ವರ್ಷವನ್ನು. ಮದುವೆಯಾಗಿ ಹನ್ನೆರಡು ವರ್ಷದ ಮೇಲೆ, ದೇವರು ದಿಂಡರು ಹರಕೆ ಮುಡಿಪು ಎಲ್ಲ ಮುಗಿದು, ಇನ್ನು ಸಾಕು ಎಂದು ಕೈಬಿಟ್ಟ ಮೇಲೆ ಹೊಟ್ಟೆಯಲ್ಲಿ ನಿಂತ ಕೂಸು. ಡಾಕ್ಟರ್ ವಿದ್ಯಾವತಿ ರಕ್ತ ತೆಗೆದು ಮುಂಬೈಗೆ ಕಳಿಸಿದ್ದರು. ಶೈಲಶ್ರೀ ಮುಂಬೈ ಕಂಡವಳಲ್ಲ, ಅವಳ ರಕ್ತ ಹೋಗಿ ನೋಡಿತು. ಗುರುವಾರ ಅಲ್ಲಿಂದ ಬಂದ ಉತ್ತರ: ನೂರಾ ತೊಂಬತ್ತರಲ್ಲಿ ಒಂದು. “ಕೂಸಿಗೆ ಏನೋ ಆಗೇತಿ ಅಂತ ಅಲ್ಲ ಇದರ ಅರ್ಥ,” ಎಂದಿದ್ದರು ಡಾಕ್ಟರ್, “ಆಗಿಲ್ಲ ಅಂತನೂ ಅಲ್ಲ. ಡೌನ್ ಸಿಂಡ್ರೋಮ್ ಅಂತಾರ. ಬೆಳವಣಿಗಿ ನಿಧಾನ, ಬುದ್ಧಿ ನಿಧಾನ. ಅದರ ಸಂಭವ ಅಷ್ಟು ಅಂತ.” ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಎನ್ನುತ್ತಾರಲ್ಲ, ಮುಂಬೈಯವರು ಆ ದೀಪವನ್ನು ಒಳ್ಳೆಯ ಹೊಳಪಿನ ಕಾಗದದಲ್ಲಿ ಸುತ್ತಿ ಕಳಿಸಿದ್ದರು. ಇನ್ನೂರೈವತ್ತರ ಗೆರೆ ಒಂದಿದೆಯಂತೆ. ಅದರ ಆಚೆಗಿದ್ದರೆ ನಿಶ್ಚಿಂತೆ. ಈಚೆಗಿದ್ದರೆ ಸೋಲಾಪುರಕ್ಕೆ ಹೋಗಿ, ಹೊಟ್ಟೆಗೆ ಉದ್ದನೆಯ ಸೂಜಿ ಹಾಕಿಸಿ, ಕೂಸಿನ ಸುತ್ತಲಿನ ನೀರು ತೆಗೆಸಿ ನೋಡಬೇಕು. ಆಗ ಖಚಿತವಾಗಿ ಗೊತ್ತಾಗುತ್ತದೆ. ಆದರೆ ಆ ಸೂಜಿಯಿಂದಲೇ ಗರ್ಭ ಜಾರಿಹೋಗುವ ಸಂಭವ ಇನ್ನೂರರಲ್ಲಿ ಒಂದು. ಅನೀಲಕುಮಾರ ವಿಮಾ ಏಜೆಂಟ. ಸಂಭವದ ಮೇಲೆಯೇ ಹೊಟ್ಟೆ ಹೊರೆಯುವವನು. ಅವನು ಮುಂದಕ್ಕೆ ಬಾಗಿ ಕೇಳಿದ: “ಅಂದ್ರ ಡಾಕ್ಟರ್, ನೂರಾ ತೊಂಬತ್ತರ ಅಂಜಿಕಿ ಕಳಕೊಳ್ಳಾಕ ಇನ್ನೂರರ ಅಂಜಿಕಿ ತಗೋಬೇಕ್ರಿ?” “ಕರೆಕ್ಟ್,” ಎಂದರು ಡಾಕ್ಟರ್, ಇಷ್ಟು ಬೇಗ ತಿಳಿದುಕೊಂಡವರನ್ನು ಕಂಡ ಸಂತೋಷದಲ್ಲಿ. ಸೋಮವಾರಕ್ಕೆ ಸೋಲಾಪುರದಲ್ಲಿ ಹೆಸರು ಬರೆಸಿಯೂ ಬಿಟ್ಟರು. ನಂಬರು ಏಕೆ ಇಷ್ಟು ಕೆಟ್ಟಿತು ಎಂದರೆ, ವಯಸ್ಸು. “ಮೂವತ್ತೇಳು ಅಲ್ಲ? ಯಂತ್ರ ವಯಸ್ಸು ಹಿಡದೇ ಲೆಕ್ಕ ಹಾಕ್ತೈತಿ.” ಹೊರಗೆ ಬಂದರೆ, ಬೆಂಚಿನ ಮೇಲೆ ಕುಳಿತಿದ್ದ, ತನಗಿಂತ ದೊಡ್ಡ ಹೊಟ್ಟೆಯ ಹತ್ತೊಂಬತ್ತು ಇಪ್ಪತ್ತರ ಹುಡುಗಿಯೊಬ್ಬಳು ತಡಬಡಿಸಿ ಎದ್ದು, “ಕುಂದರ್ರಿ ಅವ್ವಾರ, ಮಗಳನ್ನ ಕರ್ಕೊಂಡ ಬಂದೀರೇನ?” ಎಂದಿದ್ದಳು. ನೂರಾ ತೊಂಬತ್ತಕ್ಕಿಂತ ಆ ‘ಅವ್ವಾರ’ ಎಂಬುದೇ ಅಂದು ಇಡೀ ದಿನ ಅವಳನ್ನು ಚುಚ್ಚುತ್ತಿತ್ತು.

ಬಸ್ಸು ದೇವರ ಹಿಪ್ಪರಗಿ ದಾಟಿತು. ಮಳೆ ಒಂದು ಸಲ ಬಂದು ಹೋಗಿದ್ದರಿಂದ ಎರಿ ಹೊಲಗಳು ಕರ್ರಗೆ, ಎಣ್ಣೆ ಹಚ್ಚಿದ ಹಾಗೆ ಮಲಗಿದ್ದವು. ಅವಳಿಗೆ ಶನಿವಾರ ಬೆಳಿಗ್ಗೆಯದು ನೆನಪಾಯಿತು. ಸಿಂದಗಿಯ ಅಂಚಿನ ಓಣಿಯೊಂದರ ಪ್ರಾಥಮಿಕ ಶಾಲೆಯಲ್ಲಿ ಅವಳು ಟೀಚರು. ಜೂನ್ ತಿಂಗಳು, ಹೊಸ ಮಕ್ಕಳನ್ನು ಸೇರಿಸಿಕೊಳ್ಳುವ ಕಾಲ. ಟೇಬಲ್ಲಿನ ಮುಂದೆ ನಿಂತ ತಾಯಿಯೊಬ್ಬಳನ್ನು ಎಂದಿನ ಹಾಗೆ “ಯಾವಾಗ ಹುಟ್ಯಾನವಾ?” ಎಂದು ಕೇಳಿದಳು. “ಜ್ವಾಳ ಹಾಲ ತುಂಬಿದ್ವ್ರಿ, ಆವಾಗ್ರಿ,” ಎಂದಳು ತಾಯಿ. ಎಂದಿನ ಹಾಗೆ ಶೈಲಶ್ರೀಯ ಪೆನ್ನು ಜೂನ್ ಒಂದು ಎಂದು ಬರೆಯಿತು. ಜೋಳ ಹಾಲು ತುಂಬಿದಾಗ ಹುಟ್ಟಿದವನೂ ಜೂನ್ ಒಂದು, ನಾಗರ ಪಂಚಮಿಯ ಉಂಡಿ ತಿನ್ನುವಾಗ ಹುಟ್ಟಿದವಳೂ ಜೂನ್ ಒಂದು. ಶಾಲೆ ಸೇರಲು ಬೇಕಾದಷ್ಟು ವಯಸ್ಸು ಹಿಂದಕ್ಕೆ ಎಣಿಸಿ ವರ್ಷ ಹಾಕಿದರೆ ಮುಗಿಯಿತು. ಇಷ್ಟು ವರ್ಷದ ನೌಕರಿಯಲ್ಲಿ ಶೈಲಶ್ರೀ ಒಂದು ಊರಾಗುವಷ್ಟು ಮಕ್ಕಳನ್ನು ಜೂನ್ ಒಂದಕ್ಕೆ ಹೆತ್ತಿದ್ದಳು. ಸ್ವಂತದ್ದು ಒಂದೂ ಇರಲಿಲ್ಲ. ಹಾಗೆ ಬರೆದ ಪೆನ್ನು ಅಲ್ಲಿಯೇ ನಿಂತಿತು. ತಾನೂ ಜೂನ್ ಒಂದಕ್ಕೇ ಹುಟ್ಟಿದವಳಲ್ಲವೇ! ಒಂದು ಆರು ಅರವತ್ತೊಂಬತ್ತು. ಹುಟ್ಟಿಸಿದವರು ಯಂಕಪ್ಪ ಮಾಸ್ತರು. ಅತ್ತೆ ಸೀತವ್ವ, ಎಂದರೆ ಅಪ್ಪನ ಅಕ್ಕ, ಮನೆಯಲ್ಲಿ ಗದ್ದಲ ತಾಳಲಾರದೆ ಅವಳನ್ನು ಕಂಕುಳಲ್ಲಿ ಎತ್ತಿಕೊಂಡು ಹೋಗಿ ಶಾಲೆಯಲ್ಲಿ ಇಳಿಸಿ, “ಆರ ತುಂಬ್ಯಾವ” ಎಂದಿದ್ದಳು. ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿದರೆ ಆರು ತುಂಬಿದ ಲೆಕ್ಕ. ಇವಳ ಕೈ ಮುಟ್ಟಲಿಲ್ಲ. ಮಾಸ್ತರು ಒಳ್ಳೆಯವರು, ಕೈ ಕಿವಿಯತ್ತ ಬಾರದಿದ್ದರೆ ಏನಾಯಿತೆಂದು ಕಿವಿಯನ್ನೇ ಹಿಡಿದು ಕೈಯತ್ತ ಎಳೆದರು. ಅವಳು ಚೀರಿದಳು, ಬೆರಳು ತಾಗಿತು, ವಯಸ್ಸು ತುಂಬಿತು. ಆ ಕಿವಿಯ ಮೇಲೆ ಮುಂಬೈಯ ಯಂತ್ರ ಈಗ ಕೂಸಿನ ಭವಿಷ್ಯ ನುಡಿದಿದೆ.

ಟೇಬಲ್ಲು ಬಿಟ್ಟೆದ್ದು ಡಾಕ್ಟರಿಗೆ ಫೋನು ಮಾಡಿ, ವಯಸ್ಸು ಮೂರು ವರ್ಷ ಕಡಿಮೆಯಾದರೆ ಹೇಗೆ ಎಂದು ಕೇಳಿದಳು. ಹಾಗೆ ವಯಸ್ಸು ಕಡಿಮೆಯಾಗುವ ಔಷಧ ಇದ್ದರೆ ತನಗೂ ಬೇಕು ಎಂದು ಡಾಕ್ಟರ್ ನಕ್ಕರು. ಆಮೇಲೆ ವಿಷಯ ತಿಳಿದು, ಗಂಭೀರವಾಗಿ, ಮೂವತ್ನಾಲ್ಕಾದರೆ ಗೆರೆ ದಾಟುತ್ತೀರಿ, ಸೂಜಿ ಬೇಕಾಗುವುದಿಲ್ಲ, ಆದರೆ ಖಾತ್ರಿಯಾಗಿ ಹೇಳಬೇಕು ಎಂದರು. ಅನೀಲಕುಮಾರ ಕೇಳಿ ಕುಣಿದ. ಅವನಿಗೆ ಅದರಲ್ಲಿ ಇನ್ನೊಂದು ಆನಂದವೂ ಇತ್ತು: ಹೆಂಡತಿಯ ನಿವೃತ್ತಿ ಮೂರು ವರ್ಷ ಮುಂದೆ ಹೋಗುತ್ತದೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವುದು ಕೇಳಿದ್ದೇವೆ. ಇವನು ತಾಯಿಯ ಪೆನ್ಶನ್ನನ್ನೇ ಹೊಲಿಸತೊಡಗಿದ್ದ. ಶೈಲಶ್ರೀಗೆ ಸಿಟ್ಟು ಬಂತು. ಆದರೆ ರಾತ್ರಿ ಅವನು ನಿದ್ದೆಯಲ್ಲಿ ಅವಳ ಹೊಟ್ಟೆಯಿಂದ ಒಂದು ಗೇಣು ದೂರದಲ್ಲಿ ಕೈ ಇಟ್ಟುಕೊಂಡು, ಮುಟ್ಟಲು ಹೆದರಿದವನ ಹಾಗೆ ಮಲಗಿದ್ದನ್ನು ಕಂಡು ಸಿಟ್ಟು ಹೋಯಿತು.

ಹೂವಿನ ಹಿಪ್ಪರಗಿಯಲ್ಲಿ ತಾಯಿ ಕಸ್ತೂರೆವ್ವ ಶೇಂಗಾ ಹೋಳಿಗೆ ಮಾಡಿ ಕಾದಿದ್ದಳು. ಸೀತವ್ವ ಪಡಸಾಲೆಯ ಕಂಬಕ್ಕೆ ಒರಗಿ ಅಡಿಕೆ ಕತ್ತರಿಸುತ್ತಿದ್ದಳು. ಈ ಇಬ್ಬರು ಮುದುಕಿಯರು ನಲವತ್ತು ವರ್ಷ ಒಂದೇ ಒಲೆಯಲ್ಲಿ ಉಂಡು, ಒಂದು ಮಾತಿಗೂ ಒಪ್ಪದೆ, ಅದರಿಂದಲೇ ಗಟ್ಟಿಮುಟ್ಟಾಗಿ ಉಳಿದಿದ್ದರು. ಅಪ್ಪ ತೀರಿಕೊಂಡು ಬಹಳ ದಿನವಾಗಿತ್ತು. ಇದ್ದಿದ್ದರೂ ಉಪಯೋಗವಿರಲಿಲ್ಲ, ಅವನಿಗೆ ಎತ್ತುಗಳ ವಯಸ್ಸು ಹಲ್ಲು ಹಿಡಿದು ಗೊತ್ತಾಗುತ್ತಿತ್ತೇ ಹೊರತು ಮಕ್ಕಳದಲ್ಲ. ಪರೀಕ್ಷೆಯ ಸುದ್ದಿ ತೆಗೆಯಬಾರದೆಂದು ನಿಶ್ಚಯಿಸಿ ಬಂದಿದ್ದ ಶೈಲಶ್ರೀ, ಎರಡನೆಯ ಹೋಳಿಗೆ ಮುರಿಯುತ್ತ, ಪೆನ್ಶನ್ನಿನ ಸಲುವಾಗಿ ಎಂದು ಸುಳ್ಳು ಹೇಳಿ, ನಾನು ಹುಟ್ಟಿದ್ದು ಯಾವ ವರ್ಷ ಎಂದು ಕೇಳಿದಳು.

“ಬರಗಾಲದ ವರ್ಷ,” ಎಂದಳು ಕಸ್ತೂರೆವ್ವ ತಟ್ಟನೆ. “ಎಪ್ಪತ್ತೆರಡು. ನಿನ್ನ ಬಾಣಂತನದಾಗ ಸರಕಾರದ ಕೆಂಪು ಜ್ವಾಳದ ರೊಟ್ಟಿ ತಿಂದೇನಿ. ಗಂಟಲದಾಗ ಇಳೀತಿರಲಿಲ್ಲ.”

ಶೈಲಶ್ರೀಯ ಎದೆ ಹಗುರಾಯಿತು. ಎಪ್ಪತ್ತೆರಡು! ಗಂಡ ಹೇಳಿದ ಸಾಮಾನು ಮೊದಲ ಅಂಗಡಿಯಲ್ಲೇ ಸಿಕ್ಕಂತಾಯಿತು.

“ಅದು ಈಕೀದಲ್ಲ, ಈಕಿ ತಮ್ಮನ ಬಾಣಂತನ,” ಎಂದಳು ಸೀತವ್ವ, ಅಡಕತ್ತರಿಯಿಂದ ಕಣ್ಣು ಎತ್ತದೆ. “ಈಕಿ ಅದಕ್ಕೂ ಮೂರ ವರ್ಷ ಮದಲ. ಊರಿಗಿ ಲೈಟ್ ಬಂದ ವರ್ಷ.”

“ಲೈಟ್ ಬಂದಾಗ ಈಕಿ ಎಲ್ಲಿದ್ಲು? ನಾ ಇನ್ನೂ ಹೊಸಾ ಸೊಸಿ, ಬಲ್ಬ್ ನೋಡಿ ಅಂಜಿದ್ದೆ.”

“ನೀ ಬಲ್ಬಿಗೆ ಅಂಜಿದ್ದಿ, ಈಕಿ ತೊಟ್ಟಲದಾಗ ಅದನ್ನ ನೋಡಿ ನಗತಿದ್ಲು.”

“ನನ್ನ ಬಾಣಂತನ ನನಗ ಗೊತ್ತಿಲ್ಲೇನ?”

“ನಿನಗ ಹಡಿಯೂದಷ್ಟ ಗೊತ್ತು. ಕೂಸು ಅತ್ರ ನಿನ್ನ ಎಬ್ಬಸಾಕ ನಾ ಬರಬೇಕಿತ್ತು.”

ಮಾತು ಅಲ್ಲಿಂದ ಎಮ್ಮೆಗೆ ಹೋಯಿತು, ಎಮ್ಮೆಯಿಂದ ಗೋಡೆ ಬಿದ್ದ ಮಳೆಗೆ, ಮಳೆಯಿಂದ ಸಾಲೋಟಗಿಯ ಬೀಗರು ಸಿಟ್ಟು ಮಾಡಿಕೊಂಡು ಉಣ್ಣದೆ ಹೋದ ಮದುವೆಗೆ. ಪ್ರತಿ ಮಾತಿಗೂ ಶೈಲಶ್ರೀ ಎಪ್ಪತ್ತೆರಡಕ್ಕೆ ಹತ್ತಿದಳು, ಅರವತ್ತೊಂಬತ್ತಕ್ಕೆ ಬಿದ್ದಳು. ಸೀತವ್ವನ ಹಟಕ್ಕೆ ಕಾರಣ ಅವಳಿಗೆ ಗೊತ್ತಿತ್ತು. ಹುಡುಗಿ ಟೀಚರಾದದ್ದು ತಾನು ವೇಳೆಗೆ ಸರಿಯಾಗಿ ಶಾಲೆಗೆ ಒಯ್ದದ್ದರಿಂದ ಎಂದು ಅತ್ತೆ ಇಷ್ಟು ವರ್ಷ ಊರೆಲ್ಲ ಹೇಳಿಕೊಂಡು ಬಂದವಳು. ಕಾಟ ತಾಳದೆ ಮೂರರ ಕೂಸನ್ನು ಒಯ್ದು ಒಗೆದೆ ಎಂದು ಈಗ ಒಪ್ಪುವುದುಂಟೇ? ಹಾಗಾದರೆ ತಾಯಿಯದೇ ನಿಜ. ಆದರೆ ತಾಯಿಯೂ ಸೀತವ್ವ ಹಗಲು ಎಂದರೆ ರಾತ್ರಿ ಎನ್ನುವವಳು. ಯಾರ ಮಾತು ಹಿಡಿಯಬೇಕು? ಸೂಜಿ, ಎಪ್ಪತ್ತೆರಡು, ನಾಳೆ, ಎಮ್ಮೆ ಎಲ್ಲ ತಲೆಯಲ್ಲಿ ಕಲಸಿಹೋಗಿ ಅವಳ ಕೈಯ ಹೋಳಿಗೆ ತಾಟಿಗೆ ಬಿತ್ತು.

“ಒಬ್ಬರರ ಖರೇ ಹೇಳ್ರಿ!” ಎಂದು ಅವಳು ಕೂಗಿದಳು. “ಪೆನ್ಶನ್ ಅಲ್ಲ, ಸುಡಗಾಡ ಅಲ್ಲ. ನನ್ನ ವಯಸ್ಸು ಜಾಸ್ತಿ ಇದ್ರ ಕೂಸಿಗಿ ತ್ರಾಸ ಇರಬಹುದು ಅಂತ ಡಾಕ್ಟರ್ ಹೇಳ್ಯಾರ.”

ಅಡಕತ್ತರಿ ನಿಂತಿತು. ಇಬ್ಬರೂ ಅವಳ ಮುಖ ನೋಡಿದರು, ಆಮೇಲೆ ಹೊಟ್ಟೆ ನೋಡಿದರು.

“ಆರ ಎಲ್ಲೀದು?” ಎಂದಳು ಸೀತವ್ವ ಮೆಲ್ಲಗೆ. “ಸಾಲಿಗಿ ಒಯ್ದಾಗ ನಿನಗ ಮೂರ ವರ್ಷ. ನಾನ ಸುಳ್ಳ ಹೇಳಿದ್ದೆ.”

“ಮೂರೂ ತುಂಬಿರಲಿಲ್ಲ,” ಎಂದಳು ಕಸ್ತೂರೆವ್ವ. “ಎರಡೂವರಿ. ಇನ್ನೂ ಮೊಲಿ ಬಿಟ್ಟಿರಲಿಲ್ಲ.”

“ಖರೇ. ನೆಟ್ಟಗ ಮಾತ ಸೈತ ಬರತಿರಲಿಲ್ಲ ನಿನಗ. ಎಪ್ಪತ್ಮೂರು ಅಂತ ಬರಸು.”

“ಎಪ್ಪತ್ನಾಲ್ಕು, ಅಕ್ಕಾ. ಬರಗಾಲ ಮುಗದು ಹೋಳಿಗಿ ಉಂಡ ವರ್ಷ.”

“ಹೌದು ಹೌದು, ಹೋಳಿಗಿ. ಎಪ್ಪತ್ತಾರು ಇದ್ರೂ ಇದ್ದೀತು.”

ನಲವತ್ತು ವರ್ಷದಲ್ಲಿ ಮೊದಲ ಸಲ ಇಬ್ಬರೂ ಒಂದೇ ಮಾತು ಆಡುತ್ತಿದ್ದರು. ಸಂತೆಯಲ್ಲಿ ಹರಾಜಿನ ಸವಾಲು ಏರುತ್ತ ಹೋಗುತ್ತದೆ, ಇದು ಇಳಿಯುತ್ತ ಹೊರಟಿತು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಶೈಲಶ್ರೀ ಆ ಸಂಜೆಯ ಹೊತ್ತಿಗೆ ಇನ್ನೂ ಹುಟ್ಟಬೇಕಾದವಳಾಗುತ್ತಿದ್ದಳು. ಅವಳಿಗೆ ನಗೆ ಬಂತು, ನಗೆಯ ಬೆನ್ನಿಗೇ ಅಳು ಬಂತು. ಜಗಳವಾಡುವಾಗ ಇವರಲ್ಲಿ ಎಲ್ಲೋ ಒಂದು ಕಡೆ ನಿಜ ಇದ್ದಿತು. ತಾನು ಬಾಯಿ ಬಿಟ್ಟೊಡನೆ ಮಮತೆ ಬಂದು ಅದನ್ನು ನುಂಗಿತು. ಸೀತವ್ವ ಇಷ್ಟು ವರ್ಷದ ಜಂಬವನ್ನು ಒಂದು ಉಸಿರಿಗೆ ಬಿಟ್ಟುಕೊಟ್ಟದ್ದು ನಿಜ ನುಡಿಯಲೋ, ಕೂಸಿಗಾಗಿ ಸುಳ್ಳು ನುಡಿಯಲೋ, ಇನ್ನು ಬ್ರಹ್ಮ ಬಂದರೂ ತಿಳಿಯದು.

“ತ್ರಾಸ ಅಂದ್ರ ಎಂಥಾದ್ದು?” ಎಂದು ತಾಯಿ ಸೆರಗಿನಿಂದ ಅವಳ ಮುಖ ಒರೆಸುತ್ತ ಕೇಳಿದಳು.

“ಬುದ್ಧಿ ಸಾವಕಾಶ ಅಂತ.”

“ಅಷ್ಟ ಹೌದಿಲ್ಲೋ? ನಿಮ್ಮಪ್ಪಂದೇನ ಚುರುಕಿತ್ತು?”

“ನಮ್ಮ ತಮ್ಮನ ಸುದ್ದಿಗಿ ಬರಬ್ಯಾಡ!” ಎಂದು ಸೀತವ್ವ ಅಡಕತ್ತರಿ ಎತ್ತಿದಳು. ಮನೆ ಮತ್ತೆ ತನ್ನ ಹಾದಿಗೆ ಬಂತು.

ತಿರುಗಿ ಬರುವ ಬಸ್ಸಿನಲ್ಲಿ ಜನ ಕಡಿಮೆ. ಮಡಿಲಲ್ಲಿ ಹೋಳಿಗೆಯ ಗಂಟು. ಎಪ್ಪತ್ತೆರಡು ಎಂದು ಹೇಳಿದರೆ ಆಯಿತು. ಅನೀಲಕುಮಾರ ನಂಬುತ್ತಾನೆ, ನಂಬಲೆಂದೇ ಸ್ಟ್ಯಾಂಡಿಗೆ ಬಂದು ನಿಂತಿರುತ್ತಾನೆ, ಡಾಕ್ಟರ್ ಬರೆದುಕೊಳ್ಳುತ್ತಾರೆ, ಗೆರೆ ದಾಟುತ್ತದೆ. ಒಳಗಿನ ಕೂಸು ಮಾತ್ರ ಅಲ್ಲಿಯೇ, ಮೊದಲು ಹೇಗಿತ್ತೋ ಹಾಗೆಯೇ ಇರುತ್ತದೆ. ಇಷ್ಟು ದಿನ ತಾನು ಅಂಜಿದ್ದು ಯಾವುದಕ್ಕೆ? ಈ ಪ್ರಶ್ನೆ ಕೇಳಿಕೊಂಡದ್ದೇ ತಡ, ತಡೆದು ನಿಲ್ಲಿಸಿದ್ದ ಮುಖವೊಂದು ಬಂದು ಎದುರಿನ ಸೀಟಿನಲ್ಲಿ ಕುಳಿತಂತಾಯಿತು. ಗುರುವಾರ ಡಾಕ್ಟರ್ ಹೇಳುತ್ತಿರುವಾಗಲೇ ಬಂದಿದ್ದ ಮುಖ ಅದು. ಅದನ್ನು ಮರೆಮಾಡಲೆಂದೇ ಅವಳು ನೂರಾ ತೊಂಬತ್ತು ಮಂದಿಯನ್ನು ಅಡ್ಡ ನಿಲ್ಲಿಸಿಕೊಂಡಿದ್ದಳು. ಕಾವೇರಿ. ಶಾಲೆಯ ಹಿಂದಿನ ಓಣಿಯಲ್ಲಿ ಕುರಿ ಸಾಕಿಕೊಂಡಿರುವ ಶೇವಂತೆವ್ವನ ಮಗಳು. ದುಂಡು ಮುಖ, ಓರೆಯಾಗಿ ಮೇಲಕ್ಕೆ ಹೋದ ಕಣ್ಣು, ತಡವಾದ ಮಾತು, ಬೇಗ ಬರುವ ನಗು. ಶೇವಂತೆವ್ವ ಅವಳ ತಲೆಗೆ ಎಣ್ಣೆ ಹಾಕಿ, ಹೊಸ ಲಂಗ ಉಡಿಸಿ ಟೇಬಲ್ಲಿನ ಮುಂದೆ ತಂದು ನಿಲ್ಲಿಸಿದಾಗ ಶೈಲಶ್ರೀ ಮೃದುವಾಗಿ, ಬಹಳ ಮೃದುವಾಗಿ, “ಇನ್ನೂ ಸಣ್ಣಾಕಿ ಅದಾಳವಾ, ಮುಂದಿನ ವರ್ಷ ಕರ್ಕೊಂಡ ಬಾ” ಎಂದಿದ್ದಳು. ಮುಂದಿನ ವರ್ಷವೂ ಸಣ್ಣವಳು. ಅದರ ಮುಂದಿನ ವರ್ಷವೂ. ಊರ ಮಕ್ಕಳನ್ನೆಲ್ಲ ಕಿವಿ ಹಿಡಿದು ದೊಡ್ಡವರನ್ನಾಗಿ ಮಾಡುತ್ತಿದ್ದ ಪೆನ್ನು ಇದೊಂದು ಹುಡುಗಿಯನ್ನು ಸಣ್ಣವಳಾಗಿಯೇ ಇಟ್ಟಿತ್ತು. ಈ ಜೂನಿನಲ್ಲಿ ಶೇವಂತೆವ್ವ ಬಂದಿರಲಿಲ್ಲ. ಬರದಿದ್ದುದಕ್ಕೆ ಶೈಲಶ್ರೀಗೆ ಸುಖವೆನಿಸಿತ್ತು. ಈಗ ಅವಳಿಗೆ ತಿಳಿಯಿತು. ಅವಳು ಅಂಜಿದ್ದು ಕೂಸಿಗಲ್ಲ. ಆ ಕೂಸು ತಲೆಗೆ ಎಣ್ಣೆ ಹಾಕಿಕೊಂಡು ಒಂದು ದಿನ ಯಾವುದೋ ಟೇಬಲ್ಲಿನ ಮುಂದೆ ನಿಂತಾಗ, ಆ ಕಡೆ ಕುಳಿತಿರಬಹುದಾದ ಮೃದು ಮಾತಿನ ಹೆಂಗಸಿಗೆ. ನಾಚಿಕೆಯಿಂದ ಅವಳ ಮೈ ಬಿಸಿಯಾಯಿತು.

“ಎಷ್ಟು?” ಎಂದ ಅನೀಲಕುಮಾರ, ಬಸ್ಸಿನ ಮೆಟ್ಟಿಲು ಇಳಿಯುವ ಮೊದಲೇ.

“ಗೊತ್ತಾಗಲಿಲ್ಲ. ಅರವತ್ತೊಂಬತ್ತರಿಂದ ಎಪ್ಪತ್ತಾರರ ನಡುವ ಯಾವಾಗರ ಹುಟ್ಟಿರಬೇಕು.”

“ಇಂಥಾ ವಯಸ್ಸಿಗಿ ಯಾವ ಕಂಪನೀನೂ ಪಾಲಿಸಿ ಕೊಡೂದಿಲ್ಲ,” ಎಂದು ಅವನು ಸಹಜವಾಗಿ ಹೇಳಿ, ಹೇಳಿದ್ದು ತನಗೇ ಕೇಳಿಸಿ, ಪೆಚ್ಚಾದ.

“ನಾಳೆ ಸೋಲಾಪುರಕ್ಕ ಹೋಗೂದು ಬ್ಯಾಡ. ಸೂಜೀನೂ ಬ್ಯಾಡ.”

“ಮತ್ತ ಏನರ… ಹಂಗಿದ್ರ?”

“ಇದ್ರ ಇರ್ತೈತಿ. ನಿಮಗ ಅಂಜಿಕಿ ಐತಿ?”

ಅವನು ಕೀಲಿ ನೋಡಿದ, ರಸ್ತೆ ನೋಡಿದ. “ಗುರುವಾರದಿಂದ ಉಂಡದ್ದು ಇಳದಿಲ್ಲ,” ಎಂದ. ದಿನವೂ ಮೂರು ರೊಟ್ಟಿ ಹೆಚ್ಚಿಗೆ ಹೊಡೆಯುತ್ತಿದ್ದುದನ್ನು ಅವಳು ಕಂಡಿದ್ದಳು. ಆದರೂ ನಂಬಿದಳು. “ನನಗೂ ಐತಿ. ಇರ್ಲಿ. ಗಾಡಿ ಸಾಲಿ ಕಡೆ ಹೊಳ್ಳಸ್ರಿ.”

ಬಿಸಿಲು ಇಳಿಯುವ ಹೊತ್ತು. ಪ್ರತಿ ಉಬ್ಬಿಗೂ ಅನೀಲಕುಮಾರ ಗಾಡಿ ನಿಲ್ಲಿಸಿ, ಕಾಲೂರಿ, ತುಂಬಿದ ಕೊಡ ಹೊತ್ತವನ ಹಾಗೆ ದಾಟಿಸಿದ. ಶೇವಂತೆವ್ವ ಅಂಗಳದಲ್ಲಿ ಕುರಿಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ಟೀಚರನ್ನು ಕಂಡು ಗಾಬರಿಯಾಗಿ, ಸೆರಗು ಸರಿಮಾಡಿಕೊಂಡು ಎದ್ದಳು. ಶೈಲಶ್ರೀ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು, ಅಷ್ಟರಲ್ಲಿ ಒಳಗಿನಿಂದ ಓಡಿಬಂದ ಕಾವೇರಿ, ಮೊದಲಿಗಿಂತ ಎತ್ತರವಾಗಿದ್ದವಳು, ಯಾರನ್ನೂ ಲೆಕ್ಕಿಸದೆ ಮೋಟರ್ ಸೈಕಲ್ಲು ಹತ್ತಿ, ಅನೀಲಕುಮಾರನನ್ನು ಹಿಂದಕ್ಕೆ ತಳ್ಳಿ, ಹಾರ್ನು ಒತ್ತಿದಳು. ಒತ್ತಿದವಳು ಬಿಡಲಿಲ್ಲ. ಅನೀಲಕುಮಾರ ಅವಳ ಬೆರಳು ಬಿಡಿಸಲು ಹೋಗಿ ಕೈಗೆ ಒಂದು ಏಟು ತಿಂದ.

“ನಾಳಿಂದ ಕಾವೇರಿನ್ನ ಸಾಲಿಗಿ ಕಳಸ್ರಿ,” ಎಂದಳು ಶೈಲಶ್ರೀ ಹಾರ್ನಿನ ಮೇಲೆ ದನಿ ಏರಿಸಿ. ಸುಮ್ಮನೆ ‘ಕಳಸು’ ಎಂದು ರೂಢಿಯಾದ ಬಾಯಿಗೆ ಆ ‘ರಿ’ ಎಲ್ಲಿಂದ ಬಂತೋ.

ಶೇವಂತೆವ್ವ ಅವಳನ್ನೇ ನೋಡಿದಳು. ಅವಳ ಮುಖದಲ್ಲಿ ವ್ಯಂಗ್ಯವಿರಲಿಲ್ಲ, ಸಿಟ್ಟೂ ಇರಲಿಲ್ಲ. ನಿಜವಾಗಿಯೂ ತಿಳಿಯಬೇಕಾಗಿತ್ತು ಅವಳಿಗೆ. “ಈಗ ದೊಡ್ಡಾಕಿ ಆಗ್ಯಾಳೇನ್ರಿ ಬಾಯಾರ?”

“ಆವಾಗೂ ಆಗಿದ್ಲು,” ಎಂದಳು ಶೈಲಶ್ರೀ. ಹಾರ್ನಿನಲ್ಲಿ ಅದು ಮುಳುಗಿತು. ಓಣಿಯ ಬಾಗಿಲುಗಳಲ್ಲಿ ಒಬ್ಬೊಬ್ಬರೇ ಬಂದು ನಿಂತಿದ್ದರು.

“ಏನಂದ್ರಿ?” ಎಂದು ಶೇವಂತೆವ್ವ ಕಿವಿಗೆ ಕೈ ಹಚ್ಚಿ ಕೇಳಿದಳು.

ಶೈಲಶ್ರೀ ಇದ್ದ ದನಿಯನ್ನೆಲ್ಲ ಒಟ್ಟುಗೂಡಿಸಿ ಕೂಗಿದಳು. ಅದೇ ಹೊತ್ತಿಗೆ ಕಾವೇರಿಗೆ ಹಾರ್ನು ಸಾಕಾಗಿ ಕೈ ತೆಗೆದಳು. ಸದ್ದಿಲ್ಲದ ಓಣಿಯಲ್ಲಿ, ಕುರಿಮರಿಗಳು ಸಹ ಸೊಪ್ಪು ಬಿಟ್ಟು ಕತ್ತು ಎತ್ತುವಷ್ಟು ಜೋರಾಗಿ, ಎಲ್ಲರಿಗೂ ಕೇಳಿಸಿತು:

“ಆವಾಗೂ ಆಗಿದ್ಲು!”